ಅಕ್ಷರ ಹಿಡಿದು ಪದ ಹುಡುಕಿದವರು

ವಾಚಕರೇ, ಮನೆಯಲ್ಲಿ ಇಂಗ್ಲಿಷ್ ಓದುವ ಮಕ್ಕಳಿದ್ದರೆ ಇಂಥದೊಂದು ಪ್ರಶ್ನೆ ತಮ್ಮ ಕಿವಿಗೂ ಬಿದ್ದಿರಬಹುದು: “ಎ, ಇ, ಐ, ಓ, ಯೂ ಎಂಬ ಐದು ಸ್ವರಗಳೂ ಇದೇ ಕ್ರಮದಲ್ಲಿ ಬರುವ ಇಂಗ್ಲಿಷ್ ಪದ ಯಾವುದು?” ‘ಫೆಸೀಷಸ್’ ಎಂಬುದು ಉತ್ತರ. ಅದು ಒಂಬತ್ತು ಅಕ್ಷರದ ಪದ. ಹಾಸ್ಯದ ಧಾಟಿಯ ಎಂದು ಅರ್ಥ. “ಒಂದೇ ಒಂದು ಸ್ವರಾಕ್ಷರವಿದ್ದು ಒಂಬತ್ತು ಅಕ್ಷರ ಉದ್ದವಾದ ಪದ ಯಾವುದು?” ಎಂಬುದು ಇನ್ನೊಂದು ಪ್ರಶ್ನೆ. ಉತ್ತರ ‘ಸ್ಟ್ರೆಂಗ್ತ್ಸ್’. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಅವರ ಪದಬಂಧ ಪ್ರಕಟವಾಯಿತು. ಅದಾದ ಮೇಲೆ ಇಂಥ ಹುಡುಕಾಟ ಜಗತ್ತಿನ ಅನೇಕ ಮನೆಗಳಲ್ಲಿ ಬಿಡುವಿನ ಹವ್ಯಾಸವಾಗಿ ಬೆಳೆಯಿತು. ಇಂತಿಂಥ ಅಕ್ಷರಗಳಿರುವ ಉದ್ದನೆಯ ಪದ ಬೇಕು. ಸಿಕ್ಕರೆ ಸಂತೋಷ, ಸಿಕ್ಕದಿದ್ದರೆ ನಷ್ಟವೇನೂ ಇಲ್ಲ.

ನಮ್ಮ ಹಿರಿಯರೂ ಅಕ್ಷರವನ್ನು ಹಿಡಿದು ಪದವನ್ನು ಹುಡುಕಿದರು. ಆದರೆ ಅವರಿಗೆ ಅದು ಬರಿಯ ಆಟವಾಗಿರಲಿಲ್ಲ. ಸರಿಯಾದ ಅಕ್ಷರದ ಪದ ಸಿಕ್ಕದಿದ್ದರೆ ಪದ್ಯ ನಿಲ್ಲುತ್ತಿರಲಿಲ್ಲ. ಕೆಲವು ಕಡೆ ಅರ್ಥವೇ ಬೇರೆಯಾಗಿಬಿಡುತ್ತಿತ್ತು. ಆ ಹುಡುಕಾಟದ ಚರಿತ್ರೆಯಲ್ಲಿ ನಮ್ಮ ತುಮಕೂರು ಸೀಮೆಗೂ ಒಂದು ಪಾಲಿದೆ. ಅದನ್ನು ತಮ್ಮ ಮುಂದೆ ಇಡುವುದು ಈ ಲೇಖನದ ಉದ್ದೇಶ. ಜೊತೆಗೆ ತಮಗೂ ಒಂದು ಪ್ರಶ್ನೆ. ಕನ್ನಡದಲ್ಲಿ ಎರಡು ಅಕ್ಷರಗಳು ಬಳಕೆ ತಪ್ಪಿ ಹೋಗಿವೆ. ಅವೆರಡೂ ಒಟ್ಟಿಗೆ ಇರುವ ಪದವೊಂದನ್ನು ತಾವು ದಿನವೂ ಆಡುತ್ತೀರಿ. ಅದು ಯಾವುದು? ಲೇಖನ ಮುಗಿಯುವುದರೊಳಗೆ ತಾವೇ ಹೇಳಬಲ್ಲಿರಿ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಇಂಗ್ಲಿಷಿನಲ್ಲಿ ಉದ್ದನೆಯ ಪದಕ್ಕೆ ಒಂದು ಗೌರವವಿದೆ, ಏಕೆಂದರೆ ಅಲ್ಲಿ ಅದು ಅಪರೂಪ. ಕನ್ನಡದಲ್ಲಿ ಉದ್ದಕ್ಕೆ ಬೆಲೆಯಿಲ್ಲ. ಪ್ರತ್ಯಯದ ಮೇಲೆ ಪ್ರತ್ಯಯ ಹತ್ತಿಸಿ ‘ಹೋಗಲಾರದವನಿಗೋಸ್ಕರವಾದರೂ’ ಎಂದು ಯಾರು ಬೇಕಾದರೂ ಹೇಳಬಹುದು. ಸಂಸ್ಕೃತದ ಸಮಾಸವನ್ನು ತಂದರಂತೂ ಒಂದೇ ಪದ ಒಂದು ಸಾಲನ್ನು ತುಂಬುತ್ತದೆ. ಎಣಿಕೆಯ ರೀತಿಯೂ ಬೇರೆ. ಇಂಗ್ಲಿಷಿನವರು ಪ್ರತಿಯೊಂದು ಗುರುತನ್ನೂ ಬಿಡಿಯಾಗಿ ಎಣಿಸುತ್ತಾರೆ. ನಾವು ‘ಸ್ತ್ರೀ’ ಎಂಬುದನ್ನು ಒಂದೇ ಅಕ್ಷರ ಎನ್ನುತ್ತೇವೆ. ಅದರೊಳಗೆ ಮೂರು ವ್ಯಂಜನ, ಒಂದು ಸ್ವರ ಕೂಡಿ ಕುಳಿತಿವೆ. ಹೀಗಾಗಿ ನಮ್ಮಲ್ಲಿ ಪದ ಎಷ್ಟು ಉದ್ದವಾಗಿದೆ ಎಂಬುದನ್ನು ಯಾರೂ ಕೇಳಲಿಲ್ಲ. ಪದದಲ್ಲಿ ಯಾವ ಅಕ್ಷರ ಎಲ್ಲಿ ಕುಳಿತಿದೆ ಎಂಬುದನ್ನು ಕೇಳಿದರು.

ಹಾಗೆ ಕೇಳುವುದಕ್ಕೆ ಕಾರಣವಾದದ್ದು ಆದಿಪ್ರಾಸ. ಹಳೆಯ ಕನ್ನಡ ಪದ್ಯದಲ್ಲಿ ಪ್ರತಿಯೊಂದು ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಒಂದು ಪಾದ ‘ಮರ’ ಎಂದು ಆರಂಭವಾದರೆ ಮುಂದಿನದು ‘ಕರೆ’ ಎಂದೋ ‘ಸಿರಿ’ ಎಂದೋ ‘ಹಿರಿ’ ಎಂದೋ ಆರಂಭವಾಗಬೇಕು. ‘ಊರು’ ಎಂದು ತೊಡಗಿದರೆ ‘ನೀರು’, ‘ಬೇರು’ ಎಂದು ಮುಂದುವರಿಯಬೇಕು. ಕಂದಪದ್ಯದಲ್ಲಿ ಇಂಥ ನಾಲ್ಕು ಪದ ಬೇಕು, ಷಟ್ಪದಿಯಲ್ಲಿ ಆರು. ಪದಬಂಧ ಬಿಡಿಸುವವರು “ಎರಡನೆಯ ಮನೆಯಲ್ಲಿ ರಕಾರ ಬರುವ ಪದ ಯಾವುದು?” ಎಂದು ಪೆನ್ಸಿಲ್ ಕಚ್ಚಿಕೊಂಡು ಕೂರುವುದಿಲ್ಲವೆ? ನಮ್ಮ ಕವಿಗಳು ಪ್ರತಿ ಪದ್ಯಕ್ಕೂ ಮಾಡುತ್ತಿದ್ದ ಕೆಲಸ ಅದೇ.

ಈ ಕೆಲಸ ಎಷ್ಟು ದೊಡ್ಡದಾಗಿತ್ತೆಂಬುದಕ್ಕೆ ಗುಬ್ಬಿಯ ಮಲ್ಲಣಾರ್ಯನನ್ನೇ ನೋಡಬಹುದು. ಈ ಕವಿ 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ರಚಿಸಿದನು. ಮೊದಲನೆಯದು ಸತ್ಯೇಂದ್ರಚೋಳನ ಕಥೆ. ಐದಕ್ಷರದ ಶಿವಮಂತ್ರದ ಮಹಿಮೆಯನ್ನು ಹೇಳುವುದಕ್ಕೆಂದೇ ಹುಟ್ಟಿದ ಕಾವ್ಯ. ಎರಡನೆಯದು ಸಾವಿರಾರು ಷಟ್ಪದಿಗಳ ಮಹಾಗ್ರಂಥ. ಲೆಕ್ಕ ಸುಲಭ: ಸಾವಿರ ಷಟ್ಪದಿಗೆ ಆರು ಸಾವಿರ ಪಾದಾರಂಭಗಳು, ಒಂದೊಂದು ಪದ್ಯದ ಆರೂ ಪಾದಗಳಲ್ಲಿ ಎರಡನೆಯ ವ್ಯಂಜನ ಒಂದೇ! ಆ ಕವಿಯ ಮುಂದೆ ನಮ್ಮ ಕಾಲದ ಅಕಾರಾದಿ ನಿಘಂಟು ಇರಲಿಲ್ಲ. ಇದ್ದಿದ್ದರೂ ಹೆಚ್ಚು ಪ್ರಯೋಜನವಾಗುತ್ತಿರಲಿಲ್ಲ. ನಿಘಂಟು ಪದದ ಮೊದಲ ಅಕ್ಷರಕ್ಕೆ ಬಾಗಿಲು ತೆರೆಯುತ್ತದೆ. ಕವಿಗೆ ಬೇಕಾದದ್ದು ಎರಡನೆಯ ಅಕ್ಷರ. ಪದಗಳೆಲ್ಲ ಕವಿಯ ಬಾಯಲ್ಲಿ, ಕಿವಿಯಲ್ಲಿ, ನೆನಪಿನಲ್ಲಿ ಇರಬೇಕಾಗಿತ್ತು.

ಆ ನೆನಪಿಗೆ ನೆರವಾಗಲು ಕೆಲವು ಸಾಧನಗಳು ಇದ್ದವು. ಹಿಂದೆ ಪಾಠಶಾಲೆಗಳಲ್ಲಿ ಹುಡುಗರು ಬಾಯಿಪಾಠ ಮಾಡುತ್ತಿದ್ದ ಸಂಸ್ಕೃತದ ಅಮರಕೋಶವನ್ನು ತಾವು ಬಲ್ಲಿರಿ. ಅದರ ಬಹುಭಾಗ ದೇವರು, ಭೂಮಿ, ಊರು, ಕಾಡು ಎಂದು ವಿಷಯಾನುಸಾರ ಹೊಂದಿಸಿದ್ದು. ಆದರೆ ಅದರ ನಾನಾರ್ಥವರ್ಗದಲ್ಲಿ ಪದಗಳು ಕೊನೆಯ ವ್ಯಂಜನದ ಕ್ರಮದಲ್ಲಿವೆ: ಕಕಾರದಲ್ಲಿ ಮುಗಿಯುವವು ಮೊದಲು, ಖಕಾರದಲ್ಲಿ ಮುಗಿಯುವವು ಆಮೇಲೆ, ಹೀಗೆ. ಇಂಗ್ಲಿಷಿನಲ್ಲಿ ಪದಗಳನ್ನು ಕೊನೆಯ ಅಕ್ಷರದಿಂದ ಜೋಡಿಸಿದ ಜಾನ್ ವಾಕರ್ ಅವರ ನಿಘಂಟು ಬಂದದ್ದು 1775ರಲ್ಲಿ. ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದೆಯೇ ನಮ್ಮಲ್ಲಿ ಈ ಉಪಾಯ ತಿಳಿದಿತ್ತು. ಕನ್ನಡದಲ್ಲಿ ಹತ್ತನೆಯ ಶತಮಾನದ ‘ರನ್ನಕಂದ’ದಿಂದ ಹಿಡಿದು 1530ರ ಸುಮಾರಿಗೆ ಲಿಂಗಮಂತ್ರಿ ರಚಿಸಿದ ‘ಕಬ್ಬಿಗರ ಕೈಪಿಡಿ’ಯವರೆಗೆ ನಿಘಂಟುಗಳು ಹೆಚ್ಚಾಗಿ ಪದ್ಯದಲ್ಲಿಯೇ ಇದ್ದವು. ಲಿಂಗಮಂತ್ರಿ ಮಲ್ಲಣಾರ್ಯನ ಸಮಕಾಲೀನ. ಆ ಪುಸ್ತಕದ ಹೆಸರನ್ನು ನೋಡಿದರೇ ಅದು ಯಾರ ಅನುಕೂಲಕ್ಕೆ ಹುಟ್ಟಿತೆಂಬುದು ತಿಳಿಯುತ್ತದೆ.

ಇನ್ನು ಆ ಎರಡು ಅಕ್ಷರಗಳ ವಿಷಯಕ್ಕೆ ಬರೋಣ. ಒಂದು ‘ಱ’. ಇದಕ್ಕೆ ಶಕಟರೇಫವೆಂದು ಹೆಸರು, ಶಕಟವೆಂದರೆ ಬಂಡಿ. ಇನ್ನೊಂದು ‘ೞ’. ವ್ಯಾಕರಣಕಾರರು ಇದನ್ನು ರಳವೆಂದು ಕರೆದರು. ಮೊದಲನೆಯದು ನಮ್ಮ ರಕಾರಕ್ಕಿಂತ ಗಡುಸಾದ ರಕಾರ. ಎರಡನೆಯದರ ಉಚ್ಚಾರಣೆಯನ್ನು ಬರೆದು ತೋರಿಸುವುದು ಕಷ್ಟ, ಕೇಳಿಯೇ ತಿಳಿಯಬೇಕು. ತಮಿಳರು ತಮ್ಮ ಭಾಷೆಯ ಹೆಸರನ್ನು ಹೇಳುವಾಗ ಕೊನೆಯಲ್ಲಿ ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವ ಆ ದನಿಯೇ ಇದು. ತಮಿಳು, ಮಲಯಾಳಗಳಲ್ಲಿ ಈ ಎರಡು ಅಕ್ಷರಗಳೂ ಇಂದಿಗೂ ಇವೆ. ಕನ್ನಡದಲ್ಲಿಯೂ ಒಮ್ಮೆ ಇದ್ದವು.

ಇವು ಯಾವ ಪದಗಳಲ್ಲಿದ್ದವು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ದೊಡ್ಡ ದೊಡ್ಡ ಶಾಸ್ತ್ರದ ಪದಗಳಲ್ಲಿ ಅಲ್ಲ. ಒಕ್ಕಲು ಮನೆಯ ಮಾತಿನಲ್ಲಿ. ಮಳೆ ಎಂಬುದು ಮೊದಲು ‘ಮೞೆ’. ಕೆರೆ ಎಂಬುದು ‘ಕೆಱೆ’. ಉಳುವುದು ‘ಉೞು’. ಬಾಳೆ ‘ಬಾೞೆ’, ಕೋಳಿ ‘ಕೋೞಿ’, ಹುಳು ‘ಪುೞು’. ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆಯ ಏರಿಯ ಮೇಲೆ ನಿಂತು ಒಬ್ಬ ರೈತ “ಮಳೆ ಬಂದರೆ ಕೆರೆ ತುಂಬೀತು” ಎಂದರೆ, ಆ ನಾಲ್ಕು ಪದಗಳಲ್ಲಿ ಎರಡರ ಒಳಗೆ ಕಳೆದುಹೋದ ಅಕ್ಷರಗಳಿವೆ. ಆದರೆ ‘ತುಮಕೂರು’ ಎಂಬಲ್ಲಿ ಬರುವ ಊರಿನ ರಕಾರ ಸಾಮಾನ್ಯ ರಕಾರವೇ. ‘ನೀರು’ ಎಂಬಲ್ಲಿಯೂ ಅಷ್ಟೆ. ಕೆಱೆಯಲ್ಲಿ ಒಂದು ರಕಾರ, ಅದರಲ್ಲಿ ನಿಂತ ನೀರಿನಲ್ಲಿ ಇನ್ನೊಂದು ರಕಾರ! ಈ ಭೇದವನ್ನು ಅಂದಿನವರ ನಾಲಗೆ ಯೋಚಿಸದೆ ಮಾಡುತ್ತಿತ್ತು, ಅವರ ಕಿವಿ ಯೋಚಿಸದೆ ಹಿಡಿಯುತ್ತಿತ್ತು.

ಭೇದ ಹೋದರೆ ಏನು ನಷ್ಟ ಎಂದು ತಾವು ಕೇಳಬಹುದು. ಕೆಲವು ಜೋಡಿಗಳನ್ನು ನೋಡಿ. ‘ಅರಿ’ ಎಂದರೆ ಕತ್ತರಿಸು. ‘ಅಱಿ’ ಎಂದರೆ ತಿಳಿ. ‘ಕರೆ’ ಎಂದರೆ ಕೂಗು. ‘ಕಱೆ’ ಎಂದರೆ ಹಾಲು ಹಿಂಡು. ‘ತೆರೆ’ ಎಂದರೆ ಅಲೆ. ‘ತೆಱೆ’ ಎಂದರೆ ಬಾಗಿಲು ತೆಗೆ. ‘ಬೇರು’ ಗಿಡದ್ದು, ‘ಬೇಱೆ’ ಎಂದರೆ ಮತ್ತೊಂದು. ‘ಆಳ್’ ಎಂದರೆ ಆಳ್ವಿಕೆ ಮಾಡು. ‘ಆೞ್’ ಎಂದರೆ ಮುಳುಗು. ‘ಬಾಳ್’ ಎಂದರೆ ಕತ್ತಿ. ‘ಬಾೞ್’ ಎಂದರೆ ಜೀವನ. ‘ಉಳಿ’ ಎಂದರೆ ಕಲ್ಲುಕುಟಿಗನ ಉಪಕರಣ. ‘ಉೞಿ’ ಎಂದರೆ ನಾಶವಾಗದೆ ನಿಲ್ಲು. ತುಮಕೂರಿನ ಹತ್ತಿರದ ಕೈದಾಳದಲ್ಲಿ ಶಿಲ್ಪಿ ಜಕಣಾಚಾರಿಯ ಐತಿಹ್ಯವನ್ನು ಕೇಳದವರಿಲ್ಲ. ಆ ಶಿಲ್ಪಿಯ ಕೈಯಲ್ಲಿದ್ದದ್ದು ಉಳಿ; ಕಲ್ಲಿನಲ್ಲಿ ಆದ ಕೆಲಸ ಉೞಿಯಿತು. ಇಂದು ಎರಡನ್ನೂ ಒಂದೇ ಬಗೆಯಾಗಿ ಬರೆಯುತ್ತೇವೆ. ಮಾತಿನ ಸಂದರ್ಭ ಮುಂದಿದ್ದಾಗ ತೊಡಕಿಲ್ಲ. ಆದರೆ ಸಾವಿರ ವರ್ಷದ ಹಿಂದಿನ ಪದ್ಯವೊಂದರಲ್ಲಿ, ನಾಲ್ಕಾರು ಕೈ ದಾಟಿ ಬಂದ ಓಲೆಗರಿಯಲ್ಲಿ, ‘ಬಾಳ್’ ಎಂದಿದ್ದರೆ ಅದು ವೀರನ ಕತ್ತಿಯೋ ವೀರನ ಬದುಕೋ? ‘ಅರಿದನ್’ ಎಂದಿದ್ದರೆ ಅರಸನು ಶತ್ರುವನ್ನು ಕತ್ತರಿಸಿದನೋ, ಗುರುತಿಸಿದನೋ?

ನಮ್ಮ ಭಾಷೆಯ ಹಳೆಯ ದಾಖಲೆ ಈ ಭೇದವನ್ನು ಚೆನ್ನಾಗಿಯೇ ಬಲ್ಲದು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತು 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದ ಶಾಸನ ಸುಮಾರು ಕ್ರಿ.ಶ. 450ರದು ಎನ್ನುತ್ತಾರೆ. ಅದರಲ್ಲಿ ‘ಬಾಳ್ಗೞ್ಚು’ ಎಂಬ ಪದವಿದೆ. ಯುದ್ಧ ಮುಗಿದ ಮೇಲೆ ಕತ್ತಿಯನ್ನು ತೊಳೆದು ವೀರನಿಗೆ ಕೊಡುತ್ತಿದ್ದ ದತ್ತಿಗೆ ಆ ಹೆಸರು. ‘ಬಾಳ್’ ಎಂಬ ಕತ್ತಿಯಲ್ಲಿ ಳಕಾರ. ‘ಕೞ್ಚು’ ಎಂಬ ತೊಳೆಯುವುದರಲ್ಲಿ ೞಕಾರ. ಒಂದೇ ಪದದಲ್ಲಿ ಅಕ್ಕಪಕ್ಕ ಎರಡೂ ಬೇರೆಬೇರೆಯಾಗಿ ನಿಂತಿವೆ. ಕಲ್ಲು ಕೆತ್ತಿದವನಿಗೆ ಗೊಂದಲವಿರಲಿಲ್ಲ.

ಕಾಲಕ್ರಮದಲ್ಲಿ ನಾಲಗೆ ಸುಲಭವನ್ನು ಹುಡುಕಿತು. ‘ೞ’ ಸ್ವರದ ಹಿಂದೆ ಬಂದಾಗ ಳಕಾರವಾಯಿತು: ಮೞೆ ಮಳೆಯಾಯಿತು, ಏೞು ಏಳಾಯಿತು. ವ್ಯಂಜನದ ಹಿಂದೆ ಬಂದಾಗ ಮೊದಲು ರಕಾರವಾಗಿ, ಆಮೇಲೆ ಮುಂದಿನ ವ್ಯಂಜನದಲ್ಲಿ ಕರಗಿತು. ‘ಬಿೞ್ದು’ ‘ಬಿರ್ದು’ ಆಗಿ ಕೊನೆಗೆ ‘ಬಿದ್ದು’ ಆಯಿತು. ‘ಪೊೞ್ತು’ ‘ಪೊರ್ತು’ ಆಗಿ ‘ಹೊತ್ತು’ ಆಯಿತು. ‘ಬೀಳು’ ಎಂಬುದರಲ್ಲಿ ಳಕಾರವಿದ್ದು ‘ಬಿದ್ದ’ ಎಂಬುದರಲ್ಲಿ ಅದೇಕೆ ಇಲ್ಲ ಎಂದು ಮಕ್ಕಳು ಕೇಳಿದರೆ, ಈ ಹಳೆಯ ೞಕಾರವನ್ನು ತೋರಿಸಿ ಉತ್ತರ ಹೇಳಬಹುದು. ‘ಱ’ ಬರವಣಿಗೆಯಲ್ಲಿ ಇನ್ನೂ ಬಹುಕಾಲ ನಿಂತಿತು. ಆದರೆ ಬಾಯಲ್ಲಿ ಅದೂ ರಕಾರದಲ್ಲಿ ಬೆರೆತುಹೋಯಿತು.

ಇಲ್ಲಿ ಕೇಶಿರಾಜನ ಪ್ರವೇಶವಾಗುತ್ತದೆ. ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದ ಈ ವಿದ್ವಾಂಸ ಕವಿ ಜನ್ನನ ಸೋದರಳಿಯ, ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗ. ಕನ್ನಡದ ಶುದ್ಧ ಅಕ್ಷರಗಳು 47 ಎಂದು ಎಣಿಸಿದವನು ಇವನೇ. ಮೂರು ಬಗೆಯ ಳಕಾರಗಳನ್ನು ಈತ ಬಿಡಿಸಿ ಹೇಳಿದನು. ಕನ್ನಡದ ಸಹಜ ಳಕಾರ ‘ಕುಳ’, ಸಂಸ್ಕೃತದ ಲಕಾರ ಕನ್ನಡದಲ್ಲಿ ಳಕಾರವಾದದ್ದು ‘ಕ್ಷಳ’, ೞಕಾರ ‘ರಳ’. ಅಷ್ಟಕ್ಕೇ ಬಿಡದೆ ರಳವಿರುವ ಪದಗಳನ್ನು ಒಂದೊಂದಾಗಿ ಆಯ್ದು ಪದ್ಯಗಳಲ್ಲಿ ಪಟ್ಟಿ ಮಾಡಿಕೊಟ್ಟನು. ಇಂಥ ಅಕ್ಷರವಿರುವ ಪದಗಳು ಇಷ್ಟು ಎಂದು ಹುಡುಕಿ ತೆಗೆದ ಪಟ್ಟಿ ಅದು. ಇಂದು ಇಂಗ್ಲಿಷ್ ಪದಗಳ ಬೆನ್ನು ಹತ್ತಿದವರು ಮಾಡುವ ಕೆಲಸವೇ.

ಕೇಶಿರಾಜನಿಗೆ ಆ ಪಟ್ಟಿ ಏಕೆ ಬೇಕಾಯಿತು? ಇದೇ ಈ ಚರಿತ್ರೆಯ ಮುಖ್ಯ ಪ್ರಶ್ನೆ. ಕಿವಿಗೆ ಭೇದ ಕೇಳುತ್ತಿರುವ ಕಾಲದಲ್ಲಿ ಯಾರೂ ಇಂಥ ಪಟ್ಟಿ ಮಾಡುವುದಿಲ್ಲ. ‘ನ’ ಇರುವ ಪದಗಳು ಯಾವುವು, ‘ಣ’ ಇರುವ ಪದಗಳು ಯಾವುವು ಎಂದು ನಮಗೆ ಇಂದು ಯಾರೂ ಪಟ್ಟಿ ಕೊಡಬೇಕಾಗಿಲ್ಲ. ‘ಬನ’ ಮತ್ತು ‘ಬಣ’ ಬೇರೆಯೆಂದು ಮಗುವಿಗೂ ಗೊತ್ತು. ಕೇಶಿರಾಜನ ಕಾಲಕ್ಕೆ ಮಾತಿನಲ್ಲಿ ‘ೞ’ ಅಳಿದುಹೋಗಿತ್ತು ಎನ್ನುವುದಕ್ಕೆ ಆ ಪಟ್ಟಿಯೇ ಸಾಕ್ಷಿ. ಪಂಪ, ರನ್ನರ ಪದ್ಯಗಳನ್ನು ಓದುವವರಿಗೆ ಎಲ್ಲಿ ಯಾವ ಅಕ್ಷರವೆಂಬುದು ಕಿವಿಯಿಂದ ತಿಳಿಯದಂತಾಗಿತ್ತು. ಪ್ರಾಸದಲ್ಲಿ ೞಕಾರಕ್ಕೆ ಳಕಾರವನ್ನು ಕೂಡಿಸಿದರೆ ದೋಷ. ಆದರೆ ದೋಷವನ್ನು ಹಿಡಿಯುವ ಕಿವಿ ಇಲ್ಲ. ಕಿವಿ ಮರೆತದ್ದನ್ನು ಪುಸ್ತಕದಲ್ಲಿ ಕಟ್ಟಿ ನಿಲ್ಲಿಸಬೇಕಾಯಿತು.

ಆ ಪಟ್ಟಿ ಮುಂದೆ ಎಷ್ಟು ಉಪಯೋಗಕ್ಕೆ ಬಂತೆಂಬುದನ್ನು ಕೇಶಿರಾಜ ಊಹಿಸಿರಲಾರನು. ಆರುನೂರು ವರ್ಷ ಕಳೆದ ಮೇಲೆ ಕನ್ನಡದ ಪದಗಳನ್ನು ಬೇರೊಂದು ಬಗೆಯಲ್ಲಿ ಹುಡುಕುವ ಕಾಲ ಬಂತು. ನಮ್ಮ ಜಿಲ್ಲೆಯ ಮಟ್ಟಿಗೆ ಆ ಕಾಲ ಗುಬ್ಬಿಯಲ್ಲಿ ಆರಂಭವಾಯಿತೆನ್ನಬಹುದು. 1837ರಲ್ಲಿ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆಯೂರಿದರು. ಅದನ್ನು ಆರಂಭಿಸಿದ ಥಾಮಸ್ ಹಾಡ್ಸನ್ ಮುಂದೆ ಇಂಗ್ಲಿಷಿನಲ್ಲಿ ಕನ್ನಡದ ವ್ಯಾಕರಣವೊಂದನ್ನು ಬರೆದರು. ಗುಬ್ಬಿಯಲ್ಲಿದ್ದ ವಿಲಿಯಂ ಆರ್ಥರ್ ತಮ್ಮ ಅನುಭವಗಳನ್ನು 1847ರಲ್ಲಿ ‘ಎ ಮಿಷನ್ ಟು ದ ಮೈಸೂರ್’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಹೊರನಾಡಿನಿಂದ ಬಂದ ಇವರಿಗೆ ಪದ್ಯದ ನಿಘಂಟು ಉಪಯೋಗಕ್ಕೆ ಬಾರದು. ಸಂತೆಯಲ್ಲಿ ಕೇಳಿದ ಪದವನ್ನು ಮನೆಗೆ ಬಂದು ಹುಡುಕಬೇಕಾದರೆ ಪದಗಳು ಅಕ್ಷರಕ್ರಮದಲ್ಲಿರಬೇಕು. ಅಂಥ ದೊಡ್ಡ ಕೋಶವನ್ನು ವಿಲಿಯಂ ರೀವ್ 1832ರಲ್ಲಿ ಅಚ್ಚು ಮಾಡಿಸಿದ್ದರು. ಅದನ್ನು ಡೇನಿಯಲ್ ಸ್ಯಾಂಡರ್ಸನ್ ತಿದ್ದಿ 1858ರಲ್ಲಿ ಮತ್ತೆ ಹೊರತಂದರು.

ಮೊದಲ ಅಕ್ಷರದಿಂದ ಹುಡುಕುವ ಈ ವ್ಯವಸ್ಥೆ ಎಲ್ಲರಿಗೂ ಅನುಕೂಲವಾಯಿತು. ಆದರೆ ಪದದ ನಡುವೆ ಕುಳಿತ ಅಕ್ಷರವನ್ನು ಕಾಯುವವರು ಬೇಕಲ್ಲವೆ? ಆ ಕೆಲಸವನ್ನು ಫರ್ಡಿನಂಡ್ ಕಿಟ್ಟೆಲ್ ಮಾಡಿದರು. ಅವರು 1872ರಲ್ಲಿ ಮಂಗಳೂರಿನಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಅಚ್ಚು ಹಾಕಿಸಿದರು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. ಕೇಶಿರಾಜನ ವ್ಯಾಕರಣವನ್ನು ಅಕ್ಷರ ಅಕ್ಷರವಾಗಿ ನೋಡಿದ್ದ ಆ ವಿದ್ವಾಂಸರು ನಿಘಂಟಿನಲ್ಲಿ ‘ಱ’, ‘ೞ’ಗಳನ್ನು ಕೈಬಿಡಲಿಲ್ಲ. ಅಲ್ಲಿ ‘ಅರಿ’ ಬೇರೆ, ‘ಅಱಿ’ ಬೇರೆ. ಇತ್ತ ಬಿ.ಎಲ್. ರೈಸ್ ಅವರು ಹಳ್ಳಿಹಳ್ಳಿಯ ಕಲ್ಲುಗಳನ್ನು ಓದಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಪ್ರಕಟಿಸುತ್ತಿದ್ದರು. ಅದರ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದು. ಅದು 1904ರಲ್ಲಿ ಬಂತು. ಕೆರೆ ಕಟ್ಟಿಸಿದ್ದು, ಕೆರೆಯ ಕೆಳಗಿನ ಗದ್ದೆ ಬಿಟ್ಟದ್ದು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಹಳೆಯ ಕಲ್ಲಿನಲ್ಲಿ ಅದು ಕೆಱೆ, ಹೊಸ ಕಲ್ಲಿನಲ್ಲಿ ಕೆರೆ. ಕಾಲ ನಮೂದಿಸದ ಶಾಸನದ ವಯಸ್ಸನ್ನು ಅಂದಾಜು ಮಾಡುವಾಗ ಇಂಥ ಅಕ್ಷರವೂ ಒಂದು ಸಾಕ್ಷಿಯಾಗುತ್ತದೆ.

ಈ ವಿದ್ಯೆಯನ್ನು ಪೂರ್ಣವಾಗಿ ಕೈಗೂಡಿಸಿಕೊಂಡವರು ಇದೇ ಜಿಲ್ಲೆಯಲ್ಲಿ ಹುಟ್ಟಿದ ವಿದ್ವಾಂಸರು. ಡಿ.ಎಲ್. ನರಸಿಂಹಾಚಾರ್ಯರು ಹುಟ್ಟಿದ್ದು 1906ರಲ್ಲಿ, ಚಿಕ್ಕನಾಯಕನಹಳ್ಳಿಯಲ್ಲಿ. ತೀ.ನಂ. ಶ್ರೀಕಂಠಯ್ಯನವರು ಹುಟ್ಟಿದ್ದೂ ಅದೇ ವರ್ಷ, ಅದೇ ತಾಲ್ಲೂಕಿನ ತೀರ್ಥಪುರದಲ್ಲಿ. ಇಬ್ಬರೂ ಹಳಗನ್ನಡವನ್ನೂ ವ್ಯಾಕರಣವನ್ನೂ ಆಳವಾಗಿ ಓದಿದವರು. ನರಸಿಂಹಾಚಾರ್ಯರು 1959ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಕೊಟ್ಟರು, 1964ರಲ್ಲಿ ‘ಕನ್ನಡ ಗ್ರಂಥ ಸಂಪಾದನೆ’ ಎಂಬ ಪುಸ್ತಕದಲ್ಲಿ ಹಳೆಯ ಓಲೆಗರಿಗಳಿಂದ ಶುದ್ಧಪಾಠವನ್ನು ಕಂಡುಹಿಡಿಯುವ ರೀತಿಯನ್ನು ವಿವರಿಸಿದರು.

ಆ ರೀತಿಯಲ್ಲಿ ಅಕ್ಷರದ ಪಾತ್ರ ಹೇಗಿರುತ್ತದೆಂಬುದನ್ನು ಸರಳವಾಗಿ ಹೀಗೆ ಹೇಳಬಹುದು. ಲಿಪಿಕಾರನೊಬ್ಬ ಒಂದು ಪದ್ಯವನ್ನು ನಕಲು ಮಾಡಿದ್ದಾನೆ. ಅವನ ಕಾಲಕ್ಕೆ ‘ೞ’ ಇಲ್ಲ. ಎಲ್ಲ ಕಡೆಯೂ ‘ಳ’ ಎಂದು ಬರೆದಿದ್ದಾನೆ. ಒಂದು ಪಾದದ ಮೊದಲಲ್ಲಿ ‘ಬಾಳ್’ ಎಂದಿದೆ; ಕತ್ತಿಯೋ ಬದುಕೋ ತಿಳಿಯದು. ಸಂಪಾದಕರು ಉಳಿದ ಮೂರು ಪಾದಗಳ ಮೊದಲನ್ನು ನೋಡುತ್ತಾರೆ. ಅಲ್ಲಿ ‘ಏಳು’, ‘ಕೋಳಿ’ ಎಂಬಂಥ ಪದಗಳಿದ್ದರೆ, ಅವು ಮೂಲದಲ್ಲಿ ೞಕಾರದ ಪದಗಳೆಂದು ಕೇಶಿರಾಜನ ಪಟ್ಟಿ, ಶಾಸನ, ನೆರೆಯ ತಮಿಳು ಇವುಗಳಿಂದ ತಿಳಿಯುತ್ತದೆ. ಕವಿ ಪ್ರಾಸನಿಯಮವನ್ನು ಪಾಲಿಸುವವನಾದರೆ ಸಂದೇಹದ ಪದವೂ ‘ಬಾೞ್’ ಆಗಿರಬೇಕು, ಅರ್ಥ ಬದುಕು. ಕವಿಗಳಿಗೆ ಹೊರೆಯಾಗಿದ್ದ ಪ್ರಾಸ, ಕಾವ್ಯವನ್ನು ಓದುವವರಿಗೆ ದೀಪವಾಯಿತು. ಒಂದು ಕವಿಯಲ್ಲಿ ಈ ಪ್ರಾಸ ಎಲ್ಲೆಲ್ಲೂ ಬೆರೆತಿದ್ದರೆ, ಆ ಕವಿ ಭೇದ ಅಳಿದ ಮೇಲಿನವನೆಂದು ಕಾಲವನ್ನೂ ಊಹಿಸಬಹುದು.

ಅಷ್ಟರಲ್ಲಿ ಕವಿಗಳೇ ಆ ಹೊರೆಯನ್ನು ಇಳಿಸಿಯಾಗಿತ್ತು. ಈಗ ಕಾಸರಗೋಡು ಜಿಲ್ಲೆಗೆ ಸೇರಿದ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು ಬಿಟ್ಟು ಬರೆಯಲು ತೊಡಗಿದರು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊಸ ಕವಿತೆಗೆ ಹೊಸ ಛಂದಸ್ಸನ್ನು ತೋರಿಸಿತು. ಎರಡನೆಯ ಅಕ್ಷರಕ್ಕಾಗಿ ಪದವನ್ನು ಹುಡುಕುವ ಅಗತ್ಯ ಕವಿಗಳಿಗೆ ತಪ್ಪಿತು. ಕವಿತೆಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಒಂದು ಮಾತನ್ನು ಒಪ್ಪಬೇಕು: ಸಾವಿರ ವರ್ಷ ಪದಗಳ ಒಳಗನ್ನು ಅಕ್ಷರವಾಗಿ ನೋಡುತ್ತಿದ್ದ ಒಂದು ಅಭ್ಯಾಸ ಅಲ್ಲಿಗೆ ನಿಂತಿತು. ಅದನ್ನು ಮುಂದುವರಿಸಿದವರು ನಿಘಂಟುಕಾರರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟ 1970ರಲ್ಲಿಯೂ ಎಂಟನೆಯದು 1995ರಲ್ಲಿಯೂ ಹೊರಬಂದವು. ಆ ಕಾರ್ಯದಲ್ಲಿ ನರಸಿಂಹಾಚಾರ್ಯರೂ, ಅವರ ಅನಂತರ ಜಿ. ವೆಂಕಟಸುಬ್ಬಯ್ಯನವರೂ ದುಡಿದರು.

ಈಗ ಪದ ಹುಡುಕುವ ಮೂರನೆಯ ಕಾಲ ಬಂದಿದೆ. ಪದ್ಯವನ್ನು ಬಾಯಿಪಾಠ ಮಾಡಿ ಹುಡುಕಿದ್ದು ಮೊದಲನೆಯದು, ಪುಟ ತಿರುವಿ ಹುಡುಕಿದ್ದು ಎರಡನೆಯದು, ಯಂತ್ರಕ್ಕೆ ಹೇಳಿ ಹುಡುಕುವುದು ಮೂರನೆಯದು. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಸಂಗ್ರಹಿಸಿದ, ಒಂದೂವರೆ ಲಕ್ಷದಷ್ಟು ಪದಗಳ ‘ಅಲರ್’ ನಿಘಂಟು 2019ರಿಂದ ಅಂತರಜಾಲದಲ್ಲಿ ಎಲ್ಲರಿಗೂ ದೊರೆಯುತ್ತದೆ. ಪದಗಳು ಹೀಗೆ ಯಂತ್ರದ ಕೈಗೆ ಸಿಕ್ಕ ಮೇಲೆ “ಎರಡನೆಯ ಅಕ್ಷರ ರಕಾರವಾಗಿರುವ ಪದಗಳೆಲ್ಲ ಬರಲಿ” ಎಂದು ಕೇಳುವುದು ಕ್ಷಣದ ಕೆಲಸ. ಮಲ್ಲಣಾರ್ಯ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದನೋ!

ಆದರೆ ಯಂತ್ರವೂ ಮನುಷ್ಯ ಹೇಳಿದಷ್ಟನ್ನೇ ಬಲ್ಲದು. ಜಗತ್ತಿನ ಲಿಪಿಗಳಿಗೆಲ್ಲ ಗಣಕಯಂತ್ರದಲ್ಲಿ ಒಂದೊಂದು ಸಂಖ್ಯೆ ಕೊಡುವ ‘ಯೂನಿಕೋಡ್’ ಎಂಬ ವ್ಯವಸ್ಥೆಯಲ್ಲಿ ನಮ್ಮ ‘ಱ’ ಮತ್ತು ‘ೞ’ ಎರಡಕ್ಕೂ ಸ್ಥಾನವಿದೆ. ಈ ಲೇಖನದಲ್ಲಿ ಅವು ಮೂಡಿರುವುದೂ ಅದರಿಂದಲೇ. ಆದರೆ ‘ೞ’ಕ್ಕೆ ಹೆಸರು ಕೊಡುವಾಗ ಪ್ರಮಾದವಾಯಿತು, ಅದನ್ನು ಕನ್ನಡದ ‘ಫ’ ದನಿಯ ಅಕ್ಷರವೆಂದು ಇಂಗ್ಲಿಷಿನಲ್ಲಿ ನಮೂದಿಸಿದರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ವ್ಯವಸ್ಥೆಯ ನಿಯಮ. ಹಾಗಾಗಿ ತಪ್ಪು ಹೆಸರು ಇಂದಿಗೂ ಅಲ್ಲಿಯೇ ಇದೆ. ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ, ಅಷ್ಟೆ. ಹಲ್ಮಿಡಿಯ ಕಲ್ಲಿನಲ್ಲಿ ತಪ್ಪಿಲ್ಲದೆ ಕುಳಿತಿದ್ದ ಅಕ್ಷರ ನಮ್ಮ ಕಾಲದಲ್ಲಿ ಹೆಸರನ್ನೂ ಕಳೆದುಕೊಂಡಿತು. ಇದು ಸಾಲದೆಂಬಂತೆ ಆ ದನಿ ಇಂಗ್ಲಿಷಿನ ದಾರಿಯಿಂದ ವೇಷ ಮರೆಸಿ ಕನ್ನಡಕ್ಕೆ ಮರಳುತ್ತಿದೆ. ಮಲಯಾಳಿಗಳ ‘ಕೋೞಿಕ್ಕೋಡ್’ ಇಂಗ್ಲಿಷ್ ಬರಹವನ್ನು ಹಾಯ್ದು ಬಂದು ನಮ್ಮ ಪತ್ರಿಕೆಗಳಲ್ಲಿ ‘ಕೋಝಿಕ್ಕೋಡ್’ ಎಂದು ಅಚ್ಚಾಗುತ್ತದೆ. ಕನ್ನಡಕ್ಕೆ ಸ್ವಂತ ಅಕ್ಷರವಿದ್ದೂ ಝಕಾರದ ಸಾಲ ಮಾಡಿದ್ದೇವೆ.

ಕಳೆದ ಅಕ್ಷರಗಳನ್ನು ಮತ್ತೆ ದಿನದ ಬರವಣಿಗೆಗೆ ತರಬೇಕೆಂದು ಯಾರೂ ಹೇಳುವುದಿಲ್ಲ. ಬಾಯಲ್ಲಿ ಇಲ್ಲದ್ದನ್ನು ಲೇಖನಿಯಿಂದ ತುಂಬಲಾಗದು. ಆದರೆ ಅವು ಎಲ್ಲಿದ್ದವು ಎಂಬ ತಿಳಿವು ಉಳಿಯಬೇಕು. ಆ ತಿಳಿವು ಹೋದರೆ ಪಂಪನ ಪದ್ಯವೂ ಹಳ್ಳಿಯ ಗುಡಿಯ ಮುಂದಿನ ಕಲ್ಲೂ ನಮಗೆ ಅರೆಮೂಕವಾಗುತ್ತವೆ. ರೇಡಿಯೋ ನಮಗೆ ದನಿಯನ್ನು ಕೊಡುತ್ತದೆ; ವಾರ್ತೆಯಲ್ಲಿ “ಆರು” ಎಂದಾಗ ಅದು ಒಮ್ಮೆ ‘ಆಱು’ ಆಗಿತ್ತೆಂದು ಯಾವ ವಾರ್ತಾವಾಚಕರ ದನಿಯಿಂದಲೂ ತಿಳಿಯುವ ಹಾಗಿಲ್ಲ. ಅದನ್ನು ಪುಸ್ತಕದಿಂದಲೇ ತಿಳಿಯಬೇಕು.

ಮಕ್ಕಳು ಇಂಗ್ಲಿಷಿನ ಉದ್ದ ಪದಗಳನ್ನು ಹುಡುಕಲಿ, ಅದು ಒಳ್ಳೆಯ ಆಟ. ಅದರ ಜೊತೆಗೆ ತಾವು ಅವರ ಮುಂದೆ ಈ ಆಟವನ್ನೂ ಇಡಬಹುದು. ಒಂದು ಹಾಳೆಯ ಮೇಲೆ ಮನೆ, ಹೊಲ, ಕೆರೆಗಳಿಗೆ ಸಂಬಂಧಪಟ್ಟ ರಕಾರ, ಳಕಾರಗಳ ಪದಗಳನ್ನು ಬರೆಯಲಿ. ನೆರೆಯಲ್ಲಿ ತಮಿಳು ಆಡುವವರಿದ್ದರೆ ಅದೇ ಪದವನ್ನು ಅವರ ಭಾಷೆಯಲ್ಲಿ ಹೇಳಿಸಿ ಕೇಳಲಿ; ಹತ್ತಿರದ ಗ್ರಂಥಾಲಯದಲ್ಲಿ ಕಿಟ್ಟೆಲ್ ನಿಘಂಟು ಇದ್ದರೆ ತೆರೆದು ನೋಡಲಿ. ಅಂಕಿಗಳಿಂದಲೇ ಆರಂಭಿಸಬಹುದು: ಮೂರು ‘ಮೂಱು’, ಆರು ‘ಆಱು’, ಏಳು ‘ಏೞು’, ನೂರು ‘ನೂಱು’.

ಈಗ ಮೊದಲು ಕೇಳಿದ ಪ್ರಶ್ನೆಗೆ ಉತ್ತರ ತಮಗೇ ಹೊಳೆದಿರಬೇಕು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಬೆಲೆ ಚೌಕಾಸಿಯಲ್ಲಿ ನಾವು ಆಡುವ ಏಳುನೂರು, ಹಳಗನ್ನಡದ ‘ಏೞ್ನೂಱು’. ಎರಡು ಅಕ್ಷರಗಳೂ ಆ ಒಂದು ಪದದಲ್ಲಿವೆ.